ಪದಚರ್ಚೆ: ಇದ್ದಿಲು ಬಣ್ಣವನ್ನು ‘ಹೀರುತ್ತದೆ’ ಎನ್ನಬಹುದೇ?

ಪ್ರಶ್ನೆ: ಶೇಂಗಾ ಸಿಪ್ಪೆಯಿಂದ ಆಕ್ಟಿವೇಟೆಡ್ ಕಾರ್ಬನ್ (ಸೂಕ್ಷ್ಮ ರಂಧ್ರಗಳ ಇದ್ದಿಲು) ಮಾಡಿ ನೀರಿನಲ್ಲಿರುವ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಗೆಯುವ ಪ್ರಯೋಗದ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ‘ಅಡ್ಸಾರ್ಪ್ಷನ್’ಗೆ ಅಧಿಶೋಷಣೆ ಎನ್ನಬೇಕೋ, ಹೀರಿಕೆ ಸಾಕೋ? ‘ಸಕ್ರಿಯ ಇಂಗಾಲ’ ಸರಿಯೇ?

ಉತ್ತರ: ದಯವಿಟ್ಟು ಹೀರಿಕೆ ಬೇಡ. ಸ್ಪಂಜು ಹೀರಿದ ನೀರು ಅದರ ಒಡಲನ್ನೆಲ್ಲ ತುಂಬುತ್ತದೆ. ಬಣ್ಣದ ಅಣುಗಳಾದರೋ ಇದ್ದಿಲಿನ ರಂಧ್ರಗಳ ಗೋಡೆಗೆ ಅಂಟಿ ನಿಲ್ಲುತ್ತವೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನೀರಿನಲ್ಲಿ ಉಳಿದ ಮೆಥಿಲೀನ್ ಬ್ಲೂ ಅಳೆಯುವುದು 664 ನ್ಯಾನೋಮೀಟರ್ ಬೆಳಕಿನ ಹೀರಿಕೆಯಿಂದ. ಎರಡಕ್ಕೂ ಒಂದೇ ಪದ ಬಳಸಿದರೆ ‘ಹೀರಿಕೆ ಕಡಿಮೆಯಾಯಿತು’ ಎಂಬ ವಾಕ್ಯಕ್ಕೆ ಬಣ್ಣ ಚೆನ್ನಾಗಿ ಹೋಯಿತು ಎಂದೂ ಅರ್ಥ, ಇದ್ದಿಲು ಕೆಲಸ ಮಾಡಲಿಲ್ಲ ಎಂದೂ ಅರ್ಥ! ಬೆಳಕಿಗೆ ಹೀರಿಕೆ ಇರಲಿ, ಬಣ್ಣಕ್ಕೆ ಅಧಿಶೋಷಣೆ. ಕ್ರಿಯಾಪದ ಬೇಕಾದಲ್ಲಿ ‘ಮೇಲ್ಮೈಯಲ್ಲಿ ಹಿಡಿದುಕೊಳ್ಳುತ್ತದೆ’ ಎಂದರೆ ಸಾಕು.

ಇಂಗಾಲ ಮೂಲವಸ್ತುವಿನ ಹೆಸರು. ಸಿಪ್ಪೆ ಸುಟ್ಟು ಪಡೆದದ್ದರಲ್ಲಿ ಬೂದಿಯೂ ಆಮ್ಲಜನಕವಿರುವ ಗುಂಪುಗಳೂ ಇರುತ್ತವೆ. ಹಾಗಾಗಿ ‘ಸಕ್ರಿಯ ಇದ್ದಿಲು’ ನನಗೆ ಹೆಚ್ಚು ಒಪ್ಪುತ್ತದೆ.

‘ಸಾಮರ್ಥ್ಯ’ (ಒಂದು ಗ್ರಾಂ ಇದ್ದಿಲು ಹಿಡಿದ ಬಣ್ಣ) ಮತ್ತು ‘ನಿವಾರಣೆ’ (ನೀರಿನಿಂದ ಹೋದ ಬಣ್ಣದ ಶೇಕಡಾ ಪಾಲು) ಕೂಡ ಬೆರೆಯಬಾರದು. ಲೀಟರಿಗೆ 50 ಮಿಲಿಗ್ರಾಂ ಬಣ್ಣವಿರುವ 100 ಮಿಲಿಲೀಟರ್ ದ್ರಾವಣಕ್ಕೆ 0.1 ಗ್ರಾಂ ಇದ್ದಿಲು ಹಾಕಿ, ಕೊನೆಗೆ ಲೀಟರಿಗೆ 5 ಮಿಲಿಗ್ರಾಂ ಉಳಿದರೆ ನಿವಾರಣೆ ಶೇ. 90, ಸಾಮರ್ಥ್ಯ ಗ್ರಾಂಗೆ 45 ಮಿಲಿಗ್ರಾಂ. ಇದ್ದಿಲು ಹೆಚ್ಚಿಸಿದರೆ ನಿವಾರಣೆ ಏರುತ್ತದೆ, ಗ್ರಾಂ ಲೆಕ್ಕದ ಸಾಮರ್ಥ್ಯ ಇಳಿಯುತ್ತದೆ.

ಕೈಪಿಡಿಯಲ್ಲಿ ‘ಚೆನ್ನಾಗಿ ತೊಳೆಯಿರಿ’ ಎಂದು ಬಿಡಬೇಡಿ. ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಗಾಳಿ ಹೆಚ್ಚು ತಾಗದಂತೆ 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಇದ್ದಿಲಾದರೆ, ‘ತೊಳೆದ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) ತಟಸ್ಥಕ್ಕೆ ಹತ್ತಿರವಾಗುವವರೆಗೆ ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ’ ಎಂದು ಬರೆಯಿರಿ. ಆಮ್ಲ ಉಳಿದರೆ ದ್ರಾವಣದ ಪಿಎಚ್ ಇಳಿದು, ಧನ ಆವೇಶದ ಮೆಥಿಲೀನ್ ಬ್ಲೂ ಸರಿಯಾಗಿ ಅಂಟುವುದಿಲ್ಲ.

ಹಾಗೆಯೇ ‘ಸೋಸಿ ಅಳೆಯಿರಿ’ ಎಂಬುದೂ ಸಾಲದು. ಸೋಸುಕಾಗದವೇ ಈ ಬಣ್ಣವನ್ನು ಹಿಡಿದುಕೊಳ್ಳುತ್ತದೆ; ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಣ್ಣ ಪುಡಿ ನೀರಿನಲ್ಲಿ ಉಳಿದರೆ ಬೆಳಕು ಚದುರಿ, ಬಣ್ಣ ಇನ್ನೂ ಇದೆ ಎಂಬಂತೆ ಅಳತೆ ಬರುತ್ತದೆ. ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸಿ), ಮೇಲಿನ ತಿಳಿಯನ್ನಷ್ಟೇ ಪಿಪೆಟ್‌ನಲ್ಲಿ ತೆಗೆದು ಅಳೆಯಿರಿ ಎಂದಿರಲಿ.