ಅಪರ್ಚರ್ ಮತ್ತು ಡೆಪ್ತ್ ಆಫ್ ಫೀಲ್ಡ್ ಹಿಡಿತಕ್ಕೆ ಬರುವುದು ಹೇಗೆ? ಬಲ್ಲವರ ಅನುಭವಗಳು

ಕೋರಿಕೆ: ನಮಸ್ಕಾರ. ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದಾದ, ಚಿತ್ರ ಗ್ರಹಿಸುವ ಫಲಕ) ಇರುವ ಕ್ಯಾಮೆರಾ ಕೊಂಡಿದ್ದೇನೆ. ಜೊತೆಗೆ 18-55 ಎಂಎಂ ಕಿಟ್ ಲೆನ್ಸ್ ಮತ್ತು 50 ಎಂಎಂ ಎಫ್/1.8 ಲೆನ್ಸ್ ಇವೆ. ಎಫ್/1.8ರಲ್ಲಿ, ಅಂದರೆ ಅಪರ್ಚರ್ ಎಂಬ ಬೆಳಕಿನ ಕಂಡಿಯನ್ನು ಪೂರ್ತಿ ತೆರೆದು, ಮಗಳ ಮುಖವನ್ನು ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟವಾಗಿಯೂ ಇನ್ನೊಂದು ಮಸುಕಾಗಿಯೂ ಬರುತ್ತದೆ. ಹಳೇಬೀಡಿನಲ್ಲಿ ಕಂಡಿಯನ್ನು ತೀರ ಕಿರಿದಾಗಿಸಿ ಎಫ್/22ಕ್ಕೆ ಇಟ್ಟು ತೆಗೆದರೂ ಶಿಲ್ಪಗಳ ಕುಸುರಿ ಚೂಪಾಗಿ ಮೂಡಲಿಲ್ಲ. ವಿವರಣೆಗಳನ್ನು ಸಾಕಷ್ಟು ಓದಿದ್ದೇನೆ, ಕೈಗೆ ಮಾತ್ರ ಹತ್ತುತ್ತಿಲ್ಲ. ಬಲ್ಲವರು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ಮುಖಚಿತ್ರ ಮತ್ತು ಮದುವೆಗಳ ಛಾಯಾಗ್ರಾಹಕರು: ತಮ್ಮ ಮೊದಲ ತೊಂದರೆಗೆ ಅಪರ್ಚರ್ ಎಷ್ಟು ಕಾರಣವೋ ದೂರವೂ ಅಷ್ಟೇ ಕಾರಣ. ಆರಂಭದಲ್ಲಿ ಬಹಳ ಮಂದಿ ಎಫ್ ಸಂಖ್ಯೆಯೊಂದನ್ನೇ ತಿರುಗಿಸುತ್ತ ದೂರವನ್ನು ಮರೆತುಬಿಡುತ್ತಾರೆ. ತಮ್ಮ 50 ಎಂಎಂ ಲೆನ್ಸನ್ನು ಎಫ್/1.8ರಲ್ಲಿಟ್ಟು ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ (ಇದೇ ಡೆಪ್ತ್ ಆಫ್ ಫೀಲ್ಡ್) ಸುಮಾರು 3 ಸೆಂ.ಮೀ. ಮಾತ್ರ. ಮಗು ಮುಖವನ್ನು ತುಸು ಓರೆ ಮಾಡಿದರೂ ಆಚೆಯ ಕಣ್ಣು ಆ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಅಪರ್ಚರ್ ಬದಲಿಸದೆ ಎರಡು ಮೀಟರ್‌ಗೆ ಹಿಂದೆ ಸರಿದರೆ ಆಳ ಸುಮಾರು 11 ಸೆಂ.ಮೀ.ಗೆ ಏರುತ್ತದೆ, ಅಂದರೆ ದೂರ ಇಮ್ಮಡಿಯಾದರೆ ಆಳ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹತ್ತಿರದಿಂದಲೇ ತೆಗೆಯಬೇಕೆಂದಿದ್ದರೆ ಎಫ್/4 ಅಥವಾ ಎಫ್/5.6 ಇಟ್ಟು, ಒಂದೇ ಫೋಕಸ್ ಬಿಂದುವನ್ನು ಆರಿಸಿ, ಕ್ಯಾಮೆರಾಗೆ ಹತ್ತಿರವಿರುವ ಕಣ್ಣಿನ ಮೇಲೆ ಕೂರಿಸಿರಿ.

ಹಿನ್ನೆಲೆ ಮಸುಕಾಗುವುದು ಬೇರೆಯೇ ಸಂಗತಿ. ಗೋಡೆಗೆ ಒರಗಿಸಿ ಕೂರಿಸಿದ ಮಗುವಿನ ಚಿತ್ರದಲ್ಲಿ ಎಫ್/1.8 ಇಟ್ಟರೂ ಗೋಡೆಯ ಕಲೆಗಳು ಕಾಣುತ್ತವೆ. ಅದೇ ಮಗುವನ್ನು ಐದಾರು ಹೆಜ್ಜೆ ಮುಂದಕ್ಕೆ ಕರೆತಂದರೆ ಎಫ್/4ರಲ್ಲಿಯೂ ಗೋಡೆ ಕರಗಿಹೋಗುತ್ತದೆ. ನಾನು ಛತ್ರಗಳಲ್ಲಿ ವಧೂವರರ ಚಿತ್ರ ತೆಗೆಯುವಾಗ ಅಪರ್ಚರ್‌ಗೆ ಕೈ ಹಾಕುವ ಮೊದಲು ಅವರನ್ನು ಹಿಂದಿನ ಅಲಂಕಾರದಿಂದ ದೂರ ನಿಲ್ಲಿಸುತ್ತೇನೆ.

ಅಭ್ಯಾಸಕ್ಕೆ ಅಡುಗೆಮನೆಯ ಡಬ್ಬಿಗಳು ಸಾಕು. ಮೇಜಿನ ಮೇಲೆ ಓರೆಯಾಗಿ ಸಾಲಾಗಿಟ್ಟು, ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ (ಎಫ್ ಸಂಖ್ಯೆಯನ್ನು ನಾವು ಆರಿಸಿ, ಬೆಳಕು ಒಳಬಿಡುವ ಅವಧಿಯನ್ನು ಕ್ಯಾಮೆರಾಗೆ ಬಿಡುವ ವಿಧಾನ; ನಿಕಾನ್‌ನಲ್ಲಿ ಎ, ಕ್ಯಾನನ್‌ನಲ್ಲಿ ಎವಿ) ತಿರುಗಿಸಿ, ನಡುವಿನ ಡಬ್ಬಿಯ ಮೇಲೆ ಫೋಕಸ್ ಮಾಡಿ, 1.8, 2.8, 4, 5.6, 8 ಎಂದು ಒಂದೊಂದಾಗಿ ತೆಗೆಯಿರಿ. ಅನಂತರ ಎಫ್ ಸಂಖ್ಯೆಯನ್ನು ಮುಟ್ಟದೆ ದೂರವನ್ನಷ್ಟೇ ಬದಲಿಸಿರಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಚಿತ್ರಗಳನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನಿಸದೆ ಕಂಪ್ಯೂಟರ್‌ನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಬೇಕು.

ದೇವಾಲಯ ಶಿಲ್ಪಗಳನ್ನು ಚಿತ್ರಿಸುವವರು: ಹಳೇಬೀಡಿನ ಚಿತ್ರಗಳು ಮಂದವಾದುದಕ್ಕೆ ಎರಡು ಕಾರಣಗಳಿರಬಹುದು. 50 ಎಂಎಂ ಲೆನ್ಸಿನಲ್ಲಿ ಎಫ್/22 ಎಂದರೆ ಕಂಡಿಯ ವ್ಯಾಸ ಎರಡು ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಅಷ್ಟು ಕಿರಿದಾದ ಕಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ, ಮತ್ತು ತಮ್ಮ ಗಾತ್ರದ ಸೆನ್ಸರ್‌ನಲ್ಲಿ ಎಫ್/11 ದಾಟಿದ ಮೇಲೆ ಇದು ಕಣ್ಣಿಗೆ ಬೀಳತೊಡಗುತ್ತದೆ. 1932ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಸಂಗಡಿಗರು ತಮ್ಮ ಬಳಗಕ್ಕೆ ಎಫ್/64 ಎಂದೇ ಹೆಸರಿಟ್ಟುಕೊಂಡಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ಅವರ ಕ್ಯಾಮೆರಾಗಳ ಫಿಲ್ಮ್ ಹಾಳೆಯಷ್ಟು ದೊಡ್ಡದಾಗಿತ್ತು, ಆ ಲೆಕ್ಕವನ್ನು ನಮ್ಮ ಪುಟ್ಟ ಸೆನ್ಸರ್‌ಗೆ ಹಚ್ಚಲಾಗದು.

ಎರಡನೆಯ ಕಾರಣ ಕೈನಡುಕ. ಎಫ್/8ರಿಂದ ಎಫ್/22ಕ್ಕೆ ಹೋದರೆ ಬೆಳಕು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆಗ ಸೆಕೆಂಡಿನ 1/160ರಷ್ಟಿದ್ದ ಷಟರ್ ವೇಗ (ಬೆಳಕು ಒಳಬಿಡುವ ಅವಧಿ) 1/20ಕ್ಕೆ ಬೀಳುತ್ತದೆ, ಅಷ್ಟು ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರ ಕದಡುತ್ತದೆ. ಚಿತ್ರದ ಮಾಹಿತಿಯಲ್ಲಿ ಷಟರ್ ವೇಗ ದಾಖಲಾಗಿರುತ್ತದೆ, ದಯವಿಟ್ಟು ತೆರೆದು ನೋಡಿರಿ. ನನ್ನ ಅನುಮಾನ ಇದರ ಮೇಲೆಯೇ ಹೆಚ್ಚು.

ಹೊಯ್ಸಳೇಶ್ವರದ ಹೊರಗೋಡೆಯ ಆನೆಸಾಲಿಗೆ ನೇರ ಎದುರಾಗಿ, ಸೆನ್ಸರ್ ಗೋಡೆಗೆ ಸಮಾನಾಂತರವಾಗಿರುವಂತೆ ನಿಂತರೆ ಎಲ್ಲ ಆನೆಗಳೂ ಒಂದೇ ದೂರದ ಸಮತಲದಲ್ಲಿ ಬರುತ್ತವೆ. ಹಾಗಾಗಿ ಎಫ್/5.6 ಅಥವಾ ಎಫ್/8 ಧಾರಾಳವಾಯಿತು, ಸೊಂಡಿಲಿನ ಗೀರುಗಳೂ ಎದ್ದು ಕಾಣುತ್ತವೆ. ಸಾಲಿನ ಉದ್ದಕ್ಕೂ ಓರೆಯಾಗಿ ನೋಡುವ ಚಿತ್ರ ಬೇಕೆಂದರೆ ಕಿಟ್ ಲೆನ್ಸನ್ನು 18 ಎಂಎಂಗೆ ಇಳಿಸಿ, ಎಫ್/8ರಲ್ಲಿ ಎರಡು ಮೀಟರ್‌ಗಿಂತ ತುಸು ಆಚೆ ಫೋಕಸ್ ಮಾಡಿರಿ. ಹೆಚ್ಚುಕಡಿಮೆ ಒಂದು ಮೀಟರ್‌ನಿಂದ ಕಣ್ಣು ಹಾಯುವವರೆಗೂ ಸ್ಪಷ್ಟವಾಗಿರುತ್ತದೆ. ಒಳಗಿನ ಕಡೆದ ಕಂಬಗಳ ಬಳಿ ಬೆಳಕು ತೀರ ಕಡಿಮೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚಿತ ಅನುಮತಿ ಬೇಕಾಗುವುದರಿಂದ, ಅಲ್ಲಿ ಎಫ್/4ಕ್ಕೆ ಇಳಿದು ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಏರಿಸುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಪಕ್ಷಿ ಮತ್ತು ಕೀಟಗಳ ಛಾಯಾಗ್ರಾಹಕರು: ಮೇಲಿನವರು ಹೇಳಿದ ಸಮತಲದ ಮಾತು ನಮ್ಮಲ್ಲಿ ಇನ್ನೂ ಕಟ್ಟುನಿಟ್ಟು. ರಂಗನತಿಟ್ಟಿನ ದೋಣಿಯಿಂದ 400 ಎಂಎಂ ಲೆನ್ಸಿನಲ್ಲಿ, ಎಫ್/5.6ರಲ್ಲಿ, 15 ಮೀಟರ್ ದೂರದ ಬಣ್ಣದ ಕೊಕ್ಕರೆಯನ್ನು ತೆಗೆದರೆ ಆಳ ಸುಮಾರು 30 ಸೆಂ.ಮೀ. ಮಾತ್ರ. ಜೋಡಿಯಲ್ಲಿ ಒಂದು ಹಕ್ಕಿ ಕೊಂಬೆಯ ಹಿಂಬದಿಗೆ ಸರಿದರೂ ಅದು ಮಸುಕಾಗುತ್ತದೆ. ಎಫ್/8ಕ್ಕೆ ಹೋದರೆ ಆಳ 45 ಸೆಂ.ಮೀ. ಆಗುತ್ತದೆ, ಆದರೆ ಷಟರ್ ವೇಗ ಅರ್ಧವಾಗುತ್ತದೆ. ತೂಗಾಡುವ ದೋಣಿಯಲ್ಲಿ ಆ ವೇಗವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಎರಡೂ ಹಕ್ಕಿಗಳು ಒಂದೇ ದೂರಕ್ಕೆ ಬರುವವರೆಗೆ ಕಾಯುತ್ತೇನೆ.

ಮ್ಯಾಕ್ರೋದಲ್ಲಿ, ಅಂದರೆ ಅತಿ ಹತ್ತಿರದ ಚಿತ್ರಣದಲ್ಲಿ, ಕೀಟವನ್ನು ಸೆನ್ಸರ್ ಮೇಲೆ ನಿಜಗಾತ್ರಕ್ಕೆ ಮೂಡಿಸಿದರೆ ಎಫ್/8ರಲ್ಲಿಯೂ ಆಳ ಒಂದು ಮಿ.ಮೀ. ಮುಟ್ಟುವುದಿಲ್ಲ. ಏರೋಪ್ಲೇನ್ ಚಿಟ್ಟೆಯನ್ನು ಮುಂದಿನಿಂದ ತೆಗೆದರೆ ಕಣ್ಣಷ್ಟೇ ಸಿಗುತ್ತದೆ. ಪಕ್ಕಕ್ಕೆ ಬಂದು, ಅದರ ಮೈ ಸೆನ್ಸರ್‌ಗೆ ಸಮಾನಾಂತರವಾಗುವಂತೆ ತುಸು ದೂರದಿಂದ ತೆಗೆದರೆ ಕಣ್ಣಿನಿಂದ ಬಾಲದ ತುದಿಯವರೆಗೂ ಸಿಗುತ್ತದೆ.

ಇನ್ನೊಂದು ವಿಷಯವನ್ನೂ ಸೇರಿಸುತ್ತೇನೆ. ತಮ್ಮದು ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆಗಿದ್ದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಕಾಣುವುದು ಲೆನ್ಸ್ ಪೂರ್ತಿ ತೆರೆದಿದ್ದಾಗಿನ ನೋಟ, ಏಕೆಂದರೆ ಕಂಡಿ ಕಿರಿದಾಗುವುದು ಕ್ಲಿಕ್ಕಿಸಿದ ಕ್ಷಣದಲ್ಲಿ ಮಾತ್ರ. ಕೆಲವು ಮಾದರಿಗಳಲ್ಲಿ ಲೆನ್ಸ್ ಕೂರುವ ಬಳೆಯ ಬಳಿ ಡೆಪ್ತ್ ಪ್ರಿವ್ಯೂ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ನೋಟ ಕತ್ತಲಾದರೂ ಎಷ್ಟು ಆಳ ಸಿಗುತ್ತದೆಂಬುದು ತೆಗೆಯುವ ಮುನ್ನವೇ ಕಾಣುತ್ತದೆ.