ಅಪ್‌ಡೇಟ್: ಮಡಚುವ ಚಾಕುವಿನ ಅಲಗು ನೆಟ್ಟಗಾಯಿತು
ಹೊಸ ಮಡಚುವ ಚಾಕುವಿನ ಅಲಗು ಮುಚ್ಚುವಾಗ ಒಂದು ಬದಿಗೆ ಉಜ್ಜುತ್ತದೆ, ತೆರೆಯುವಾಗ ಕರಕರ ಎನ್ನುತ್ತದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಎಣ್ಣೆ ಬಿಟ್ಟದ್ದರಿಂದ ಏನೂ ಆಗಲಿಲ್ಲ. ಅಲಗು ತಿರುಗುವ ಜಾಗದ ಸ್ಕ್ರೂ ಬಿಗಿ ಮಾಡಿದರೆ ತೆರೆಯುವುದಕ್ಕೇ ಹಟ ಹಿಡಿಯಿತು. ಗೆದ್ದದ್ದು "ಪೂರ್ತಿ ಬಿಚ್ಚಿ ನೋಡಿ" ಎಂದವರ ಮಾತು. ಅದಕ್ಕೆ ಬೇಕಾದ ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ (ಸ್ಕ್ರೂಡ್ರೈವರ್ ಮೊನೆ) ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. ಸ್ಕ್ರೂ ಸಡಿಲವಾಗದಿರಲೆಂದು ಕಾರ್ಖಾನೆಯಲ್ಲೇ ಅಂಟು ಹಾಕಿರುತ್ತಾರೆ ಎಂಬುದು ನನಗೆ ಹೊಸ ವಿಷಯ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದ ಮೇಲೆಯೇ ಅದು ಮಣಿಯಿತು. ಒಳಗೆ ಅಲಗಿನ ಪಕ್ಕದ ತೆಳು ಬಿಲ್ಲೆಯ (ವಾಷರ್) ಮೇಲೆ ಕಪ್ಪು ಜಿಡ್ಡು, ಅದರಲ್ಲಿ ಲೋಹದ ಪುಡಿ! ಕಾರ್ಖಾನೆಯವರಿಗೆ ತಪಾಸಣೆ ಎಂದರೆ ಪೆಟ್ಟಿಗೆ ಮುಚ್ಚುವುದಷ್ಟೇ ಇರಬೇಕು. ಒರೆಸಿ, ಅಲಗನ್ನು ಮುಚ್ಚಿ ನಡುವಿಗೆ ಹಿಡಿದುಕೊಂಡೇ ಹಿಡಿಯ ಸ್ಕ್ರೂಗಳನ್ನು ಬಿಗಿ ಮಾಡಿದೆ. ಈಗ ಉಜ್ಜುತ್ತಿಲ್ಲ.

ಬಿಚ್ಚುವ ಮೊದಲು ವಾರಂಟಿಯ ಷರತ್ತು ಓದಿಕೊಳ್ಳಿ. ನನ್ನದಕ್ಕೆ ವಾರಂಟಿಯೇ ಇರಲಿಲ್ಲ. ಅಲಗಿನ ಅಂಚು ಮಾತ್ರ ಇನ್ನೂ ಓರೆಯಾಗಿದೆ, ಸಾಣೆಕಲ್ಲಿನ ಮೇಲೆ ನಿಧಾನವಾಗಿ ಸರಿಪಡಿಸುತ್ತಿದ್ದೇನೆ.