ಪದಚರ್ಚೆ: ಇಂಗ್ಲೆಂಡಿನ ‘ಡಿಸ್ಟ್ರಿಕ್ಟ್’ ನಮ್ಮ ಜಿಲ್ಲೆ ಅಲ್ಲ, ಹಾಗಾದರೆ ಏನನ್ನೋಣ?

ಗೆಳೆಯರೆ, ನಮಸ್ಕಾರ.

ಕನ್ನಡ ವಿಕಿಪೀಡಿಯಕ್ಕೆ ಸೌತ್ ಕೇಂಬ್ರಿಜ್‌ಶೈರ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ಊರುಗಳ ಗುಂಪು ಅದು. ಕೇಂಬ್ರಿಜ್ ನಗರದ ಸುತ್ತಲೂ ಹಬ್ಬಿಕೊಂಡಿದೆ. ಉದ್ದಿನವಡೆಯ ತೂತಿನಲ್ಲಿ ನಗರ, ವಡೆಯೆಲ್ಲ ಹಳ್ಳಿಗಳು. ಮೊದಲ ವಾಕ್ಯದಲ್ಲೇ ತೊಡಕು ಶುರುವಾಯಿತು. ‘ಸೌತ್ ಕೇಂಬ್ರಿಜ್‌ಶೈರ್ ಎಂಬುದು ಕೇಂಬ್ರಿಜ್‌ಶೈರ್ ಕೌಂಟಿಯ ಒಂದು...’ ಏನು? ನಿಘಂಟು ತೆಗೆದರೆ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ, ಅಷ್ಟೇ. ಆದರೆ ಇಲ್ಲಿ ಜಿಲ್ಲೆ ಅಂತ ಬರೆದರೆ ಓದುಗರಿಗೆ ತಪ್ಪು ಚಿತ್ರ ಕೊಟ್ಟ ಹಾಗೆ. ನನ್ನ ಮನಸ್ಸು ‘ತಾಲ್ಲೂಕು’ ಕಡೆಗೆ ವಾಲಿದೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಒಪ್ಪಬಹುದು, ಬಿಡಬಹುದು.

ಮೊದಲು ಅಳತೆ ನೋಡೋಣ. 2021ರ ಜನಗಣತಿಯ ಪ್ರಕಾರ ಸೌತ್ ಕೇಂಬ್ರಿಜ್‌ಶೈರ್‌ನಲ್ಲಿ ಸುಮಾರು 1 ಲಕ್ಷ 62 ಸಾವಿರ ಜನ. ವಿಸ್ತಾರ ಸುಮಾರು 900 ಚದರ ಕಿಲೋಮೀಟರ್. ಹೆಚ್ಚುಕಡಿಮೆ ನೂರು ಹಳ್ಳಿ. ಇದು ನಮ್ಮ ತಾಲ್ಲೂಕಿನ ಅಳತೆಯೇ, ಅಲ್ವಾ? ಇಂಥ ಐದು ಸೇರಿದರೆ ಕೇಂಬ್ರಿಜ್‌ಶೈರ್ ಕೌಂಟಿ: ಕೇಂಬ್ರಿಜ್ ನಗರ, ಸೌತ್ ಕೇಂಬ್ರಿಜ್‌ಶೈರ್, ಈಸ್ಟ್ ಕೇಂಬ್ರಿಜ್‌ಶೈರ್, ಹಂಟಿಂಗ್ಡನ್‌ಶೈರ್, ಫೆನ್‌ಲ್ಯಾಂಡ್. ಆ ಜನಗಣತಿಯಲ್ಲಿ ಐದೂ ಸೇರಿ ಏಳು ಲಕ್ಷವೂ ತುಂಬಿರಲಿಲ್ಲ. ನಮ್ಮ ಕೊಡಗಿಗಿಂತ ಜನ ಸ್ವಲ್ಪ ಜಾಸ್ತಿ, ಜಾಗ ಕಮ್ಮಿ. ಅಂದರೆ ಜಿಲ್ಲೆಯ ಹತ್ತಿರ ಬರುವುದು ಕೌಂಟಿಯೇ ಹೊರತು ಡಿಸ್ಟ್ರಿಕ್ಟ್ ಅಲ್ಲ.

ಇನ್ನು ಅಧಿಕಾರ. ಜಿಲ್ಲೆ ಅಂದ ಕೂಡಲೇ ನಮಗೆ ಡಿಸಿ ನೆನಪಾಗುತ್ತಾರೆ. ಸೌತ್ ಕೇಂಬ್ರಿಜ್‌ಶೈರ್‌ನ ಕೌನ್ಸಿಲ್ 2023ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ವಾರಕ್ಕೆ ನಾಲ್ಕೇ ದಿನ ಕೆಲಸ ಎಂಬ ಪ್ರಯೋಗ ಶುರುಮಾಡಿತು. ಬ್ರಿಟನ್ನಿನಲ್ಲಿ ಹಾಗೆ ಮಾಡಿದ ಮೊದಲ ಕೌನ್ಸಿಲ್ ಅದು. ಈ ಸುದ್ದಿಯನ್ನು ‘ಜಿಲ್ಲಾಡಳಿತದ ಆದೇಶ’ ಅಂತ ಬರೆದರೆ ಕನ್ನಡ ಓದುಗರು ಯಾರೋ ಐಎಎಸ್ ಅಧಿಕಾರಿ ಸಹಿ ಹಾಕಿದರು ಅಂದುಕೊಳ್ಳುತ್ತಾರೆ. ಅಲ್ಲಿ ಡಿಸಿ ಎಂಬ ಹುದ್ದೆಯೇ ಇಲ್ಲ. ಊರವರು ಆರಿಸಿದ 45 ಸದಸ್ಯರ ಕೌನ್ಸಿಲ್ ಇದೆ. ಅದಕ್ಕೊಬ್ಬ ನಾಯಕ. ಅಧಿಕಾರಿಗಳು ಕೌನ್ಸಿಲಿನ ನೌಕರರು. ಭೂಕಂದಾಯ, ಪಹಣಿ, ಕಾನೂನು ಸುವ್ಯವಸ್ಥೆ ಯಾವುದೂ ಅವರ ಕೈಯಲ್ಲಿಲ್ಲ.

ಹಾಗಾಗಿ ಹೋಲಿಕೆ ಬೇಕಾದರೆ ಕಂದಾಯ ಇಲಾಖೆಯ ಕಡೆ ನೋಡಬಾರದು, ಪಂಚಾಯಿತಿಯ ಕಡೆ ನೋಡಬೇಕು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಗ್ರಾಮ ಪಂಚಾಯಿತಿ. ಅಲ್ಲಿ ಕೌಂಟಿ ಕೌನ್ಸಿಲ್, ಡಿಸ್ಟ್ರಿಕ್ಟ್ ಕೌನ್ಸಿಲ್, ಪ್ಯಾರಿಷ್ ಕೌನ್ಸಿಲ್. ಮೂರಕ್ಕೆ ಮೂರು ಕೂಡುತ್ತದೆ. ಮೂರಕ್ಕೂ ಚುನಾವಣೆ ಇದೆ.

ಈ ಮೂರು ಹಂತ ಕಣ್ಣಿಗೆ ಕಾಣುವುದು ಮನೆ ತೆರಿಗೆಯ ಬಿಲ್ಲಿನಲ್ಲಿ. ಸೌತ್ ಕೇಂಬ್ರಿಜ್‌ಶೈರ್‌ನ ಕೇಂಬೋರ್ನ್ ಎಂಬ ಊರಿನಲ್ಲಿರುವ ಗೆಳತಿಯೊಬ್ಬಳು ತನ್ನ ಬಿಲ್ಲಿನ ಫೋಟೋ ಕಳಿಸಿದ್ದಳು. ಕಳಿಸಿರುವುದು ಸೌತ್ ಕೇಂಬ್ರಿಜ್‌ಶೈರ್ ಡಿಸ್ಟ್ರಿಕ್ಟ್ ಕೌನ್ಸಿಲ್. ಹಣ ವಸೂಲಿ ಮಾಡುವುದೂ ಅದೇ. ಆದರೆ ಒಳಗೆ ಸಾಲುಸಾಲಾಗಿ ಪಾಲು ಬರೆದಿದ್ದಾರೆ. ಎಲ್ಲಕ್ಕಿಂತ ದೊಡ್ಡ ಪಾಲು ಕೌಂಟಿಗೆ. ಆಮೇಲೆ ಪೊಲೀಸ್, ಅಗ್ನಿಶಾಮಕ ದಳ, ಡಿಸ್ಟ್ರಿಕ್ಟ್, ಸ್ಥಳೀಯ ಕೌನ್ಸಿಲ್. ಈ ಸ್ಥಳೀಯ ಪಾಲನ್ನು ಆಯಾ ಊರಿನ ಕೌನ್ಸಿಲ್ಲೇ ನಿಗದಿ ಮಾಡುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಒಂದೇ ಥರದ ಮನೆಗೆ ತೆರಿಗೆ ಬೇರೆಬೇರೆ. ಎಲ್ಲ ಮನೆಗೂ ‘ಎ’ಯಿಂದ ‘ಎಚ್’ವರೆಗೆ ಒಂದು ಅಕ್ಷರ ಕೊಟ್ಟಿರುತ್ತಾರೆ. ಆ ಅಕ್ಷರಕ್ಕೆ ಆಧಾರ 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಅನ್ನೋದು. ಇವತ್ತು ಕಟ್ಟಿದ ಮನೆಗೂ ಅದೇ ಲೆಕ್ಕ!

ಕಸದ ವಿಷಯದಲ್ಲಿ ಇನ್ನೂ ಸೊಗಸಾಗಿದೆ. ಮನೆ ಮುಂದಿನ ಕಪ್ಪು, ನೀಲಿ, ಹಸಿರು ಡಬ್ಬಿಗಳ ಕಸ ಎತ್ತುವುದು ಡಿಸ್ಟ್ರಿಕ್ಟಿನ ಕೆಲಸ. ಎತ್ತಿದ ಕಸವನ್ನು ಕೊನೆಗೆ ವಿಲೇವಾರಿ ಮಾಡುವ ಹೊಣೆ ಕೌಂಟಿಯದು. ಶಾಲೆ, ರಸ್ತೆ, ಗ್ರಂಥಾಲಯ, ವಯಸ್ಸಾದವರ ಆರೈಕೆ ಕೌಂಟಿಗೆ. ಮನೆ ಕಟ್ಟಲು ಅನುಮತಿ, ಹೋಟೆಲುಗಳ ಸ್ವಚ್ಛತೆಯ ತಪಾಸಣೆ ಡಿಸ್ಟ್ರಿಕ್ಟಿಗೆ. ಸ್ಮಶಾನ, ಆಟದ ಬಯಲು, ಬಸ್ ತಂಗುದಾಣ ಪ್ಯಾರಿಷ್‌ಗೆ.

ಆ ಕೊನೆಯ ಪದಕ್ಕೆ ಬರೋಣ. ಪ್ಯಾರಿಷ್ ಅಂದರೆ ನಮ್ಮ ಕ್ರೈಸ್ತ ಬಂಧುಗಳಿಗೆ ಧರ್ಮಕೇಂದ್ರ. ಒಂದು ಚರ್ಚು, ಅದಕ್ಕೆ ಸೇರಿದ ಕುಟುಂಬಗಳು. ಇಂಗ್ಲೆಂಡಿನಲ್ಲೂ ಮೂಲ ಅದೇ. ಆದರೆ 1894ರ ಕಾಯ್ದೆ ಹಳ್ಳಿಯ ಲೌಕಿಕ ಕೆಲಸಗಳನ್ನು ಚರ್ಚಿನಿಂದ ಬಿಡಿಸಿ ಚುನಾಯಿತ ಪ್ಯಾರಿಷ್ ಕೌನ್ಸಿಲುಗಳಿಗೆ ಕೊಟ್ಟಿತು. ಅಲ್ಲಿಂದೀಚೆಗೆ ಎರಡೂ ಬೇರೆಬೇರೆ. ಆದ್ದರಿಂದ ಆಡಳಿತದ ಪ್ಯಾರಿಷ್‌ಗೆ ‘ಧರ್ಮಕೇಂದ್ರ’ ಖಂಡಿತ ಬೇಡ. ‘ಗ್ರಾಮ ಪಂಚಾಯಿತಿ’ ಚೆನ್ನಾಗಿ ಹೊಂದುತ್ತದೆ. ತೀರಾ ಚಿಕ್ಕ ಊರುಗಳಲ್ಲಿ ಕೌನ್ಸಿಲ್ಲೇ ಇರುವುದಿಲ್ಲ, ಮತದಾರರೆಲ್ಲ ಸೇರಿ ಮಾತಾಡುವ ‘ಪ್ಯಾರಿಷ್ ಮೀಟಿಂಗ್’ ಮಾತ್ರ. ಅದಕ್ಕೆ ‘ಗ್ರಾಮಸಭೆ’ಗಿಂತ ಒಳ್ಳೆಯ ಪದ ಇನ್ನೊಂದಿಲ್ಲ. ಕೌನ್ಸಿಲ್ ಇರುವ ಕಡೆಯೂ ವರ್ಷಕ್ಕೊಂದು ಗ್ರಾಮಸಭೆ ಮಾರ್ಚ್ 1ರಿಂದ ಜೂನ್ 1ರೊಳಗೆ ನಡೆಯಲೇಬೇಕು. ಕನ್ನಡದಲ್ಲಿ ಈಗಾಗಲೇ ಬದುಕಿರುವ ಪದವನ್ನು ಬಿಟ್ಟು ‘ಪ್ಯಾರಿಷ್ ಸಭೆ’ ಅಂತ ಯಾಕೆ ಬರೆಯಬೇಕು?

ಒಂದು ತೊಡಕಿದೆ. ಪ್ಯಾರಿಷ್ ಕೌನ್ಸಿಲ್ ತಾನೇ ಒಂದು ನಿರ್ಣಯ ಮಾಡಿ ‘ಇನ್ನು ಮುಂದೆ ನಾವು ಟೌನ್ ಕೌನ್ಸಿಲ್’ ಎಂದು ಹೇಳಿಕೊಳ್ಳಬಹುದು. ಕೇಂಬೋರ್ನ್ ಹಾಗೆಯೇ ಮಾಡಿತು. ಅದು ಹಳೆಯ ಊರೇನಲ್ಲ, 1998ರಿಂದ ಹೊಲಗಳ ಮೇಲೆ ಹೊಸದಾಗಿ ಕಟ್ಟಿದ್ದು. ಡಿಸ್ಟ್ರಿಕ್ಟಿನ ಮುಖ್ಯ ಕಚೇರಿಯೂ 2004ರಿಂದ ಅಲ್ಲೇ ಇದೆ. ಇದಕ್ಕೆ ‘ಪಟ್ಟಣ ಪಂಚಾಯಿತಿ’ ಅನ್ನಬಹುದೇ? ನಮ್ಮಲ್ಲಿ ಪಟ್ಟಣ ಪಂಚಾಯಿತಿ ಆಗಲು ಸರ್ಕಾರದ ಅಧಿಸೂಚನೆ ಬೇಕು, ಜನಸಂಖ್ಯೆಯ ಲೆಕ್ಕ ಬೇಕು. ಅಲ್ಲಿ ಹೆಸರು ಬದಲಾದರೂ ಅಧಿಕಾರ ಒಂದಿಷ್ಟೂ ಹೆಚ್ಚುವುದಿಲ್ಲ. ಆದರೂ ಆ ಪದವನ್ನೇ ಬಳಸಿ ಒಂದು ವಾಕ್ಯದ ವಿವರಣೆ ಕೊಟ್ಟರೆ ಸಾಕು ಅನ್ನಿಸುತ್ತದೆ.

‘ಕೌಂಟಿ’ಯನ್ನು ಹಾಗೇ ಉಳಿಸಿಕೊಳ್ಳೋಣ. ಅದು ಈಗ ಕನ್ನಡದ್ದೇ ಪದ. 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಪರ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಅದೇ ವರ್ಷ ಶ್ರೀನಾಥ್ ಗ್ಲೌಸ್ಟರ್‌ಶೈರ್‌ಗೆ ಆಡಿದರು. 2000ದಲ್ಲಿ ದ್ರಾವಿಡ್ ಕೆಂಟ್‌ಗೆ. ಪತ್ರಿಕೆಯ ಕ್ರೀಡಾಪುಟ ಓದುವ ಹುಡುಗರಿಗೂ ಕೌಂಟಿ ಗೊತ್ತು. ‘ಶೈರ್’ ಎಂಬ ಬರವಣಿಗೆಯೂ ಅಲ್ಲಿಂದಲೇ ಬಂದು ನಿಂತಿದೆ. ಇಂಗ್ಲಿಷರು ‘ಶರ್’ ಎಂದು ಹಗುರವಾಗಿ ಉಚ್ಚರಿಸಿದರೂ ನಾವು ಬದಲಿಸುವುದು ಬೇಡ.

ಹಾಗಾದರೆ ‘ಡಿಸ್ಟ್ರಿಕ್ಟ್’ ಅನ್ನೂ ಹಾಗೇ ಬಿಡಬಹುದಲ್ಲ ಅಂತ ಕೇಳಬಹುದು. ಇಲ್ಲೇ ಕಷ್ಟ. ‘ನಿಮ್ದು ಯಾವ ಡಿಸ್ಟ್ರಿಕ್ಟು?’ ಅಂದರೆ ಹಾಸನ, ತುಮಕೂರು ಅಂತ ಉತ್ತರ ಬರುತ್ತದೆ. ಕೌಂಟಿಯ ಥರ ಅದು ಖಾಲಿ ಪಾತ್ರೆಯಲ್ಲ, ಅದರಲ್ಲಿ ಆಗಲೇ ಜಿಲ್ಲೆ ಕೂತಿದೆ.

ತಾಲ್ಲೂಕು ಅನ್ನುವುದಕ್ಕೆ ಇನ್ನೊಂದು ಬಲವಾದ ಕಾರಣ ಇತಿಹಾಸದಲ್ಲಿದೆ. ಅದೇ 1894ರ ಕಾಯ್ದೆ ಇಂಗ್ಲೆಂಡಿನಲ್ಲಿ ‘ಅರ್ಬನ್ ಡಿಸ್ಟ್ರಿಕ್ಟ್’, ‘ರೂರಲ್ ಡಿಸ್ಟ್ರಿಕ್ಟ್’ ಎಂದು ಎರಡು ಬಗೆ ಮಾಡಿತು. ಕೇಂಬ್ರಿಜ್‌ನ ಸುತ್ತ ಚೆಸ್ಟರ್ಟನ್ ಮತ್ತು ಸೌತ್ ಕೇಂಬ್ರಿಜ್‌ಶೈರ್ ಎಂಬ ಎರಡು ರೂರಲ್ ಡಿಸ್ಟ್ರಿಕ್ಟುಗಳಿದ್ದವು. 1974ರ ಏಪ್ರಿಲ್ 1ರಂದು ಅವೆರಡನ್ನೂ ಸೇರಿಸಿ ಈಗಿನ ಡಿಸ್ಟ್ರಿಕ್ಟ್ ಮಾಡಿದರು. ನಮ್ಮಲ್ಲಿ ಹುಬ್ಬಳ್ಳಿ ನಗರ ತಾಲ್ಲೂಕು, ಹುಬ್ಬಳ್ಳಿ ಗ್ರಾಮಾಂತರ ತಾಲ್ಲೂಕು ಇಲ್ಲವೇ? ‘ಚೆಸ್ಟರ್ಟನ್ ಗ್ರಾಮಾಂತರ ತಾಲ್ಲೂಕು’ ಅಂದರೆ ಒಂದೇ ಏಟಿಗೆ ಅರ್ಥವಾಗುತ್ತದೆ. ಅಂದ ಹಾಗೆ, ಹೆಸರಿನ ‘ಸೌತ್’ ಅನ್ನು ‘ದಕ್ಷಿಣ’ ಮಾಡಬೇಡಿ. ಈ ತಾಲ್ಲೂಕು ನಗರದ ಉತ್ತರಕ್ಕೂ ಹರಡಿದೆ. ‘ದಕ್ಷಿಣ ಕೇಂಬ್ರಿಜ್’ ಅಂತ ಯಾರಾದರೂ ಮೊಟಕು ಮಾಡಿದರೆ ನಕ್ಷೆಯೇ ತಲೆಕೆಳಗಾಗುತ್ತದೆ.

ನನಗೆ ತುಂಬಾ ಖುಷಿ ಕೊಟ್ಟ ಪದ ಮಾತ್ರ ಬೇರೆ. ಡಿಸ್ಟ್ರಿಕ್ಟುಗಳಿಗಿಂತ ಸಾವಿರ ವರ್ಷ ಮುಂಚೆ ಇಂಗ್ಲೆಂಡಿನ ಕೌಂಟಿಗಳನ್ನು ‘ಹಂಡ್ರೆಡ್’ಗಳಾಗಿ ಹಂಚಿದ್ದರು. ಒಂದು ಕುಟುಂಬ ಬದುಕುವಷ್ಟು ಭೂಮಿಗೆ ಒಂದು ‘ಹೈಡ್’, ಅಂಥ ನೂರು ಹೈಡ್ ಸೇರಿದರೆ ಒಂದು ಹಂಡ್ರೆಡ್. ಲೆಕ್ಕ ಎಲ್ಲ ಕಡೆ ನೂರಕ್ಕೇ ನಿಲ್ಲುತ್ತಿರಲಿಲ್ಲ, ಹೆಸರು ಮಾತ್ರ ನಿಂತಿತು. ಆರ್ಮಿಂಗ್‌ಫರ್ಡ್, ಥ್ರಿಪ್ಲೋ, ವಿಟಲ್ಸ್‌ಫರ್ಡ್, ನಾರ್ತ್‌ಸ್ಟೋ ಇವೆಲ್ಲ ಈ ಸೀಮೆಯ ಹಂಡ್ರೆಡ್‌ಗಳು. ನಮ್ಮ ಶಾಸನಗಳು ನೆನಪಾಗುತ್ತಿಲ್ಲವೇ? ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ), ಗಂಗವಾಡಿ ತೊಂಬತ್ತಾರು ಸಾವಿರ! ನಮ್ಮ ಸಂಖ್ಯೆಗಳು ಹಳ್ಳಿಯ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಅದೇನೇ ಇರಲಿ, ನಾಡಿನ ಹೆಸರಿನ ಮುಂದೆ ಸಂಖ್ಯೆ ಇಡುವ ರೂಢಿ ಎರಡೂ ಕಡೆ ಒಂದೇ. ಹಾಗಾಗಿ ಇದನ್ನು ‘ಹೋಬಳಿ’ ಮಾಡದೆ ನೇರವಾಗಿ ‘ಥ್ರಿಪ್ಲೋ ನೂರು’, ‘ನಾರ್ತ್‌ಸ್ಟೋ ನೂರು’ ಅನ್ನೋಣ ಎಂದು ನನ್ನ ಸಲಹೆ. ಕನ್ನಡದ ಕಿವಿಗೆ ಇದು ಒಗ್ಗುತ್ತದೆ. ಆ ನಾರ್ತ್‌ಸ್ಟೋ ಹೆಸರನ್ನೇ ಈಗ ಓಕಿಂಗ್ಟನ್‌ನ ಹಳೆಯ ವಾಯುನೆಲೆಯಲ್ಲಿ ಏಳುತ್ತಿರುವ ಹೊಸ ಪಟ್ಟಣಕ್ಕೆ ಇಟ್ಟಿದ್ದಾರೆ.

ನೆಲದ ಪದಗಳು ಎರಡು. ತಾಲ್ಲೂಕಿನ ಉತ್ತರದಂಚು, ವಾಟರ್‌ಬೀಚ್, ಕಾಟೆನ್‌ಹ್ಯಾಮ್, ವಿಲಿಂಗ್‌ಹ್ಯಾಮ್ ಕಡೆ, ‘ಫೆನ್’ ನೆಲ. ನೀರು ಬಸಿದು ಹೊಲ ಮಾಡಿದ ಕಪ್ಪು ಮಣ್ಣು. ಬಸಿದ ಮೇಲೆ ಈ ಥರದ ಮಣ್ಣು ಕುಗ್ಗುತ್ತಾ ಹೋಗುತ್ತದೆ. ಪಕ್ಕದ ಹಂಟಿಂಗ್ಡನ್‌ಶೈರ್‌ನ ಹೋಮ್ ಫೆನ್‌ನಲ್ಲಿ 1851ರಲ್ಲಿ ನೆಲಮಟ್ಟಕ್ಕೆ ಹೂತ ಕಬ್ಬಿಣದ ಕಂಬ ಈಗ ಸುಮಾರು ನಾಲ್ಕು ಮೀಟರ್ ಮೇಲೆ ನಿಂತಿದೆ. ಕಂಬ ಏಳಲಿಲ್ಲ, ನೆಲ ಇಳಿಯಿತು. ಇದಕ್ಕೆ ‘ಜೌಗುಸೀಮೆ’ ಅನ್ನಬಹುದೇ? ಉತ್ತರ ಕನ್ನಡದ ‘ಗಜನಿ’ ಹತ್ತಿರ ಬರುತ್ತದೆ, ಆದರೆ ಅದು ಉಪ್ಪುನೀರಿನ ನೆಲ. ಇನ್ನು ದಕ್ಷಿಣದ ‘ಹಿಲ್’ಗಳು. ಇಡೀ ಕೌಂಟಿಯ ಅತಿ ಎತ್ತರದ ಜಾಗ ಗ್ರೇಟ್ ಚಿಶಿಲ್ ಇರುವುದು ಸಮುದ್ರಮಟ್ಟದಿಂದ 146 ಮೀಟರ್ ಮೇಲೆ. ಬೆಂಗಳೂರಿನ ರಸ್ತೆಗಳೇ 900 ಮೀಟರಿನ ಆಸುಪಾಸಿನಲ್ಲಿವೆ. ಅದನ್ನು ‘ಬೆಟ್ಟ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ‘ದಿಣ್ಣೆ’ ಸರಿ.

‘ಲೇಕ್ ಡಿಸ್ಟ್ರಿಕ್ಟ್’, ‘ಪೀಕ್ ಡಿಸ್ಟ್ರಿಕ್ಟ್’ಗಳ ಡಿಸ್ಟ್ರಿಕ್ಟ್ ಪೂರಾ ಬೇರೆ. ಅವು ಆಡಳಿತದ ಘಟಕಗಳಲ್ಲ, 1951ರಲ್ಲಿ ರಾಷ್ಟ್ರೀಯ ಉದ್ಯಾನಗಳಾದ ಪ್ರದೇಶಗಳು. ‘ಸರೋವರ ಜಿಲ್ಲೆ’ ಎಂಬ ಅನುವಾದ ಕೈಬಿಟ್ಟು, ಬಯಲುಸೀಮೆಯ ಹಾಗೆ ‘ಸರೋವರ ಸೀಮೆ’ ಅಂದರೆ ಗೊಂದಲ ತಪ್ಪುತ್ತದೆ.

ನನ್ನ ಸಲಹೆ ಎಲ್ಲ ಕಡೆ ನಡೆಯುವುದಿಲ್ಲ ಎಂಬುದೂ ಗೊತ್ತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕೂಡ ಲೆಕ್ಕಕ್ಕೆ ಡಿಸ್ಟ್ರಿಕ್ಟುಗಳೇ. ಅಲ್ಲಿ 1986ರಲ್ಲಿ ಕೌಂಟಿ ಕೌನ್ಸಿಲುಗಳನ್ನು ತೆಗೆದುಹಾಕಿದರು. ಅಂಥ ಮಹಾನಗರವನ್ನು ತಾಲ್ಲೂಕು ಅನ್ನಲಾಗದು. ಲಂಡನ್ನಿನ 32 ಘಟಕಗಳಿಗೆ ‘ಬರೋ’ ಎಂದೇ ಬಿಡೋಣ. ಕಲಬುರಗಿ ಕಡೆಯ ನೀರಜ್ ಪಾಟೀಲ್ ಮೇಯರ್ ಆಗಿದ್ದ, ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಂತಿರುವ ಲ್ಯಾಂಬೆತ್ ಕೂಡ ಅಂಥದೇ ಒಂದು ಬರೋ. ತಾಲ್ಲೂಕು ಎಂಬುದು ಮೇಲೆ ಕೌಂಟಿ ಕೌನ್ಸಿಲ್ ಇರುವ ಕಡೆಗೆ ಮಾತ್ರ.

ಅದೂ ಎಷ್ಟು ದಿನವೋ. 2024ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಶ್ವೇತಪತ್ರ ಹೊರಡಿಸಿ, ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎರಡೂ ಇರುವ ಕಡೆಯೆಲ್ಲ ಒಂದೇ ಕೌನ್ಸಿಲ್ ಮಾಡುವುದಾಗಿ ಹೇಳಿತು. ಇದಕ್ಕೆ ‘ಯೂನಿಟರಿ’ ಎನ್ನುತ್ತಾರೆ. ‘ಏಕಹಂತದ ಕೌನ್ಸಿಲ್’ ಎಂದು ಬರೆದುಕೊಂಡಿದ್ದೇನೆ, ಓದಲು ಒರಟಾಗಿದೆ. ಪುಟ್ಟ ರಟ್‌ಲ್ಯಾಂಡ್‌ನಲ್ಲಿ 1997ರಿಂದಲೇ ಹೀಗಿದೆ. ಅದರ ಕಾನೂನುಬದ್ಧ ಹೆಸರು ‘ರಟ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಡಿಸ್ಟ್ರಿಕ್ಟ್ ಕೌನ್ಸಿಲ್’. ಇದನ್ನು ಕನ್ನಡಕ್ಕೆ ತರುವ ದಾರಿ ಯಾರಿಗಾದರೂ ಹೊಳೆದರೆ ಹೇಳಿ.

ಮುಖ್ಯವಾಗಿ ಮೂರು ಉತ್ತರ ಬೇಕು. ‘ಕೌನ್ಸಿಲ್’ ಎಂದೇ ಬಿಡಬೇಕೋ, ‘ಪರಿಷತ್ತು’ ಅನ್ನಬೇಕೋ? 1987ರ ಹೊತ್ತಿನ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ನೆನಪಿರುವವರಿಗೆ ‘ಕೌಂಟಿ ಪರಿಷತ್ತು’ ಸಹಜವಾಗಿ ಕೇಳಬಹುದು. ಜೌಗುಸೀಮೆಗಿಂತ ಒಳ್ಳೆಯ ಪದ ನಿಮ್ಮ ಕಡೆಯ ರೈತರ ಬಾಯಲ್ಲಿ ಇದೆಯೇ? ಇನ್ನು ಪ್ಯಾರಿಷ್ ಕ್ಲರ್ಕ್. ಎಷ್ಟೋ ಹಳ್ಳಿಗಳಲ್ಲಿ ಸಂಬಳ ಪಡೆಯುವ ನೌಕರ ಅವರೊಬ್ಬರೇ. ಸಭೆಯ ನಡಾವಳಿ, ಲೆಕ್ಕಪತ್ರ, ಕಾನೂನಿನ ಸಲಹೆ ಎಲ್ಲ ಅವರದೇ. ‘ಗುಮಾಸ್ತ’ ಅಂದರೆ ಅವರ ಕೆಲಸವನ್ನು ಕಿರಿದು ಮಾಡಿದ ಹಾಗೆ. ‘ಪಿಡಿಒ’ ಅಂದರೆ ಸರ್ಕಾರಿ ಅಧಿಕಾರಿ ಆಗಿಬಿಡುತ್ತಾರೆ. ಹಳ್ಳಿಯಲ್ಲಿ ಮೊದಲಿಂದ ಅನ್ನುತ್ತಿದ್ದ ‘ಪಂಚಾಯಿತಿ ಕಾರ್ಯದರ್ಶಿ’ ಸಾಕೇ?